ಮುನ್ನೂರು ಒಬ್ಬಟ್ಟಿನ ಲೆಕ್ಕ



ಒಂದು ಎಕರೆ ರಾಗಿಗೆ ಎಷ್ಟು ಖರ್ಚಾಯಿತೆಂದು ರೈತನನ್ನು ಕೇಳಿದರೆ ಬೀಜ, ಗೊಬ್ಬರ, ಆಳುಗಳ ಕೂಲಿ ಎಲ್ಲವನ್ನೂ ಹೇಳುವನು. ತಾನೂ ತನ್ನ ಮನೆಯವರೂ ಹೊಲದಲ್ಲಿ ದುಡಿದ ದಿನಗಳನ್ನು ಮಾತ್ರ ಹೇಳುವುದಿಲ್ಲ. ಈ ತಪ್ಪನ್ನು ನಾನು ಊರೂರಿನಲ್ಲಿ ತೋರಿಸಿಕೊಡುತ್ತ ಬಂದವನು. ಅದೇ ತಪ್ಪು ನಮ್ಮ ಮನೆಯ ಒಲೆಯ ಮುಂದೆ ನಡೆದಾಗ ನನ್ನ ಕಣ್ಣಿಗೆ ಬೀಳಲಿಲ್ಲ.

ನಮ್ಮ ಅಕ್ಕ ಒಬ್ಬಟ್ಟು ತಟ್ಟುವುದರಲ್ಲಿ ಕೈ ಪಳಗಿದವಳು. ನೆಂಟರ ಮನೆಯ ಗೃಹಪ್ರವೇಶಕ್ಕೆ 300 ಒಬ್ಬಟ್ಟು ಮಾಡಿಕೊಡಲು ಒಪ್ಪಿದಳು. ಬೆಲೆ ಕೇಳಿದಾಗ ಸಂಕೋಚದಿಂದ ಒಂದಕ್ಕೆ 12 ರೂಪಾಯಿ ಎಂದಳು. ಕೈಗೆ 3,600 ರೂಪಾಯಿ ಬಂತು. ಸಾಮಾನು, ಸೌದೆ, ಆಟೋ ಬಾಡಿಗೆ ಕಳೆದು ಉಳಿದದ್ದು 200. ಜೊತೆಗೆ ದುಡಿದ ನೆರೆಮನೆಯ ಇಬ್ಬರಿಗೆ ಕೊಡಬೇಕಾದ ಕೂಲಿ 1,200. ಕಡಿಮೆ ಬಿದ್ದ 1,000 ರೂಪಾಯಿಯನ್ನು ಹಾಲಿನ ಬಟವಾಡೆಯಿಂದ ತೆಗೆದುಕೊಟ್ಟಳು. ಅವಳ ದುಡಿಮೆಗೆ ಏನೂ ಉಳಿಯಲಿಲ್ಲ. "ಲೆಕ್ಕ ಕಲಿತ ನೀನಾದರೂ ಒಂದು ಮಾತು ಹೇಳಬಾರದಿತ್ತೇನಪ್ಪ?" ಎಂದಳು. ಆ ಪ್ರಶ್ನೆಯಿಂದಲೇ ಈ ಪಾಠ ಹುಟ್ಟಿತು.

1. ಎಣಿಕೆ

ಒಪ್ಪಿಕೊಳ್ಳುವ ಮೊದಲು ಎಷ್ಟು ಎಲೆ ಬೀಳುವುದೆಂದು ಕೇಳಿರಿ. 130 ಎಲೆಗೆ ಎರಡೆರಡರಂತೆ 260, ಬಾರದವರ ಮನೆಗೆ ಕಳಿಸಲು 40, ಒಟ್ಟು 300. ಹರಿಯುವವು, ಸೀಯುವವು ಇದ್ದೇ ಇರುವುದರಿಂದ 320ಕ್ಕೆ ಸಾಮಾನು ಹಿಡಿಯಿರಿ. ಗಾತ್ರದ ವಿಷಯದಲ್ಲಿ ಆಮೇಲೆ ಮನಸ್ತಾಪ ಬರಬಾರದು. ಆದುದರಿಂದ ಒಂದು ಒಬ್ಬಟ್ಟು ಮಾಡಿ ಮೊದಲೇ ತೋರಿಸಿರಿ.

2. ಸಾಮಾನು

ಒಂದು ಕಿಲೋ ಕಡಲೆಬೇಳೆಗೆ ಒಂದು ಕಿಲೋ ಬೆಲ್ಲ ಹಾಕಿದ ಹೂರಣದಿಂದ ಸಾಧಾರಣ ಗಾತ್ರದ ಒಬ್ಬಟ್ಟು ಸುಮಾರು 40 ಆಗುವುವು. ಇದು ಕೈಯಿಂದ ಕೈಗೆ ವ್ಯತ್ಯಾಸವಾಗುವುದು. ನೀವು ಮೊದಲು ಒಂದು ಕಿಲೋ ಮಾಡಿ, ಎಣಿಸಿ, ಆ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿರಿ. ಕೆಳಗಿನವು ಅಕ್ಕ ಕೊಂಡ ದರಗಳು. ನೀವು ನಿಮ್ಮ ಅಂಗಡಿಯ ದರ ಹಾಕಿಕೊಳ್ಳಬೇಕು.

ಕಡಲೆಬೇಳೆ 8 ಕಿಲೋ, 90ರಂತೆ: ರೂ. 720
ಬೆಲ್ಲ 8 ಕಿಲೋ, 60ರಂತೆ: ರೂ. 480
ಮೈದಾ, ಚಿರೋಟಿ ರವೆ ಸೇರಿ 5 ಕಿಲೋ, 50ರಂತೆ: ರೂ. 250
ಎಣ್ಣೆ 2 ಲೀಟರು, 140ರಂತೆ: ರೂ. 280
ತುಪ್ಪ 1 ಕಿಲೋ: ರೂ. 600
ಏಲಕ್ಕಿ, ಅರಿಸಿನ, ಉಪ್ಪು: ರೂ. 180
ಸಾಮಾನು ಒಟ್ಟು: ರೂ. 2,510

3. ಕೆಲಸದ ಕ್ರಮ

ಸಾಮಾನನ್ನು ಎರಡು ದಿನ ಮೊದಲೇ ತಂದು, ಬೇಳೆಯನ್ನು ಆರಿಸಿಡಿರಿ. ಸಮಾರಂಭದ ಹಿಂದಿನ ದಿನ ಬೆಳಗ್ಗೆ ಕಣಕ ಕಲಸಿ, ಎಣ್ಣೆಯಲ್ಲಿ ಮೂರು ಗಂಟೆಯಾದರೂ ನೆನೆಯಲು ಬಿಡಿರಿ. ಚೆನ್ನಾಗಿ ನೆನೆಯದ ಕಣಕ ಹಿಗ್ಗುವುದಿಲ್ಲ, ಹರಿಯುವುದು.

ಬೇಳೆ ಬೆರಳಲ್ಲಿ ಹಿಸುಕಿದರೆ ನುಣ್ಣಗಾಗಬೇಕು, ನೀರಲ್ಲಿ ಕರಗಿಹೋಗಬಾರದು. ಕಟ್ಟನ್ನು ಪೂರ್ತಿ ಬಸಿಯಿರಿ. ಅದನ್ನು ಚೆಲ್ಲದೆ ಅಂದೇ ಸಾರು ಮಾಡಿರಿ. ಇಟ್ಟರೆ ಬೇಗ ಹಳಸುವುದು. ಬೇಳೆಗೆ ಬೆಲ್ಲ ಹಾಕಿ, ನೀರಿನಂಶ ಆರಿ ಮುದ್ದೆಯಾಗುವವರೆಗೆ ಒಲೆಯ ಮೇಲೆ ಮಗುಚಿ, ಆಮೇಲೆ ರುಬ್ಬಬೇಕು. ಹಸಿಯಾಗಿ ಉಳಿದ ಹೂರಣ ಕಣಕವನ್ನೂ ಒಡೆಯುವುದು, ಒಬ್ಬಟ್ಟನ್ನೂ ಬೇಗ ಕೆಡಿಸುವುದು.

ಮಧ್ಯಾಹ್ನದಿಂದ ಎರಡು ಹೆಂಚಿಟ್ಟು ಬೇಯಿಸಿರಿ. ಇಬ್ಬರು ತಟ್ಟಲಿ, ಒಬ್ಬರು ಬೇಯಿಸಲಿ. ಒಂದಕ್ಕೆ ಎರಡು ನಿಮಿಷದಂತೆ ಎರಡು ಹೆಂಚಿನಲ್ಲಿ 320ಕ್ಕೆ 320 ನಿಮಿಷ. ಉಸಿರಾಡಲು ಬಿಡುವು ಸೇರಿ ಆರು ಗಂಟೆ ಹಿಡಿಯಿರಿ. ಬಿಸಿಯಿರುವಾಗ ಒಂದರ ಮೇಲೊಂದು ಪೇರಿಸಬೇಡಿರಿ; ಬೆವರಿ ಅಂಟಿಕೊಳ್ಳುವುವು. ಬಟ್ಟೆಯ ಮೇಲೆ ಹರಡಿ ಪೂರ್ತಿ ಆರಿದ ಮೇಲೆಯೇ ಕಟ್ಟಬೇಕು.

4. ಬೆಲೆ

ಅಕ್ಕ ತಪ್ಪಿದ್ದು ಇಲ್ಲಿ. ಸಾಮಾನಿನ ದುಡ್ಡನ್ನು 300ರಿಂದ ಭಾಗಿಸಿದರೆ ಒಂದಕ್ಕೆ ಎಂಟೂವರೆಯೂ ಆಗಲಿಲ್ಲ. 12 ಎಂದರೆ ಲಾಭವೇ ಆಯಿತೆಂದುಕೊಂಡಳು. ಆದರೆ ಸಾಮಾನು ಲೆಕ್ಕದ ಮೊದಲನೆಯ ಸಾಲು ಮಾತ್ರ.

ಸಾಮಾನು: ರೂ. 2,510
ಸೌದೆ 350, ರುಬ್ಬಿಸುವುದು 100, ಡಬ್ಬಿ ಮತ್ತು ಕಾಗದ 140, ಆಟೋ 300: ರೂ. 890
ದುಡಿಮೆ 30 ಗಂಟೆ, 60ರಂತೆ: ರೂ. 1,800
ಪಾತ್ರೆಯ ಸವೆತ, ದರದ ಏರಿಳಿತ, ನೂರಕ್ಕೆ 10ರಂತೆ: ರೂ. 520
ಮುಂದಿನ ಆರ್ಡರಿನ ಬಂಡವಾಳಕ್ಕೆ: ರೂ. 580
ಒಟ್ಟು: ರೂ. 6,300

ಇದನ್ನು 320ರಿಂದ ಅಲ್ಲ, ಕೊಡುವ 300ರಿಂದ ಭಾಗಿಸಬೇಕು. ಒಂದಕ್ಕೆ 21 ರೂಪಾಯಿ.

ದುಡಿಮೆ 30 ಗಂಟೆ ಹೇಗೆ? ತಟ್ಟಿ ಬೇಯಿಸಲು ಮೂವರಿಗೆ ಆರಾರರಂತೆ 18. ಹೂರಣ, ಕಣಕಕ್ಕೆ ಇಬ್ಬರಿಗೆ ನಾಲ್ಕರಂತೆ 8. ಪೇಟೆಗೆ ಹೋಗಿಬರುವುದು, ಕಟ್ಟುವುದು, ಪಾತ್ರೆ ತೊಳೆಯುವುದು 4. ಮನೆಯಾಕೆಯ ಗಂಟೆಯೂ ಗಂಟೆಯೇ. ಹೊರಗಿನವರಿಗೆ ಕೊಡುವ ಕೂಲಿಯನ್ನೇ ನಿಮ್ಮ ಹೆಸರಿಗೂ ಬರೆಯಿರಿ.

5. ನೆಂಟಸ್ತಿಕೆ

"ನಮ್ಮವರ ಹತ್ತಿರ ಅಷ್ಟು ಕೇಳುವುದು ಹೇಗೆ?" ಎಂದು ನೀವು ಕೇಳುವಿರಿ. ಕೇಳತಕ್ಕ ಪ್ರಶ್ನೆಯೇ. ನೆಂಟರ ಮನೆಗೆ ನಾವು ಮುಯ್ಯಿ ಮಾಡುವುದಿಲ್ಲವೆ? ಪ್ರೀತಿಯನ್ನು ಅಲ್ಲಿ ತೋರಿಸಿರಿ. ಪೂರ್ತಿ ಬೆಲೆ ತೆಗೆದುಕೊಂಡು, ಸಮಾರಂಭದ ದಿನ ಕೈಲಾದ ಮುಯ್ಯಿ ಮಾಡಿರಿ. ಹಾಗಾದರೆ ಕೊಟ್ಟದ್ದು ಎಷ್ಟೆಂದು ನಿಮಗೂ ತಿಳಿಯುವುದು, ಅವರಿಗೂ ತಿಳಿಯುವುದು. ಬೆಲೆಯೊಳಗೆ ಅಡಗಿಸಿ ಕೊಟ್ಟದ್ದು ಯಾರ ನೆನಪಿನಲ್ಲಿಯೂ ಉಳಿಯದು. ಜೊತೆಗೆ ದುಡಿದವರ ಕೂಲಿಯಂತೂ ನಾವು ದಾನ ಮಾಡುವ ವಸ್ತುವಲ್ಲ.

ದಿನ, ಎಣಿಕೆ, ಬೆಲೆ, ತಲಪಿಸುವ ಹೊತ್ತು, ಇವನ್ನು ಚೀಟಿಯಲ್ಲಿ ಬರೆದು ಇಬ್ಬರೂ ಇಟ್ಟುಕೊಳ್ಳಿರಿ. ಸಾಮಾನಿಗೆ ಹೋಗುವ ಮೊದಲು ಅರ್ಧ ಹಣ ಮುಂಗಡ ಪಡೆಯಿರಿ. ಮಾರಾಟಕ್ಕೆಂದು ತಿಂಡಿ ಮಾಡುವ ಸಣ್ಣವರೂ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಂತೆ ನೋಂದಣಿ ಮಾಡಿಸಬೇಕೆಂಬುದನ್ನು ಮರೆಯಬೇಡಿರಿ.

ಅಕ್ಕ ಮುಂದಿನ ಸಲ ಲೆಕ್ಕದ ಚೀಟಿ ಮುಂದಿಟ್ಟು 21 ಎಂದಳು. ಮೊದಲು ಬಂದವರು ದುಬಾರಿಯೆಂದು ಹೊರಟುಹೋದರು. ಅಕ್ಕನ ಮುಖ ಸಣ್ಣದಾಯಿತು, ನನ್ನದೂ ಆಯಿತು. ವಾರದ ಮೇಲೆ ಬಂದವರು ಚೀಟಿ ಓದಿ, ಮುಂಗಡ ಕೊಟ್ಟುಹೋದರು. ಆ ಸಲ ನೆರೆಮನೆಯವರ ಕೂಲಿಗೆ ಹಾಲಿನ ದುಡ್ಡು ಮುಟ್ಟಬೇಕಾಗಲಿಲ್ಲ.

ನಿಮ್ಮ ಊರಿನ ದರ ಹಾಕಿ, 100 ಒಬ್ಬಟ್ಟಿನ ಲೆಕ್ಕವನ್ನು ಬರೆದು ಮುಂದಿನ ಮಹಿಳಾ ಮಂಡಳಿಯ ಸಭೆಗೆ ತನ್ನಿರಿ. ಕೂಡಿ ನೋಡೋಣ.