ಗಿಳಿಹಸಿರು ಗೋಡೆಯ ಲೆಕ್ಕ

ಹಬ್ಬ ಹತ್ತಿರ ಬಂತು ಅಂದ್ರೆ ಮನೆಗೆ ಪೇಂಟ್ ಹಾಕ್ಸೋ ಮಾತು ಶುರು. ಶೇಡ್ ಕಾರ್ಡ್ ಕೈಗೆ ಬಂದ ಕೂಡಲೇ ನಮ್ಮಲ್ಲಿ ಒಬ್ಬರ ಬೆರಳಾದರೂ ಗಿಳಿಹಸಿರಿನ ಮೇಲೆ ಹೋಗಿ ನಿಲ್ಲುತ್ತೆ. ಹಳದಿ ಬೆರೆತ ಹಸಿರು, ಭತ್ತದ ಸಸಿಮಡಿಯ ಬಣ್ಣ. ಕಾರ್ಡಿನ ಪುಟ್ಟ ಚೌಕದಲ್ಲಿ ಅದು ಚೆನ್ನಾಗೇ ಇರುತ್ತೆ. ನಾಲ್ಕೂ ಗೋಡೆಗೆ ಹಚ್ಚಿದ ಮೇಲೆ ಮಾತ್ರ ಕಣ್ಣಿಗೆ ಹೊಡೆಯುತ್ತೆ. ಬೇರೆ ಬಣ್ಣ ತಂದಿದ್ದೀರಿ ಅಂತ ಪೇಂಟರ್‌ ಮೇಲೆ ರೇಗ್ತೀವಿ. ಪಾಪ, ಅವರದೇನೂ ತಪ್ಪಿಲ್ಲ.

ಹಗಲು ಬೆಳಕಿನಲ್ಲಿ ನಮ್ಮ ಕಣ್ಣು ಅತಿ ಹೆಚ್ಚು ಸ್ಪಂದಿಸೋದು ಸುಮಾರು 555 ನ್ಯಾನೊಮೀಟರ್ ತರಂಗಾಂತರಕ್ಕೆ. ಅದು ಹೆಚ್ಚುಕಮ್ಮಿ ಇದೇ ಬಣ್ಣ. ರಸ್ತೆ ಕೆಲಸದವರ ಜಾಕೆಟ್‌ಗೆ ಇದನ್ನು ಬಳಸೋದೂ ಎದ್ದು ಕಾಣಲಿ ಅಂತಲೇ.

ಇನ್ನೊಂದು ಕಾರಣ ಸರಳ ಗುಣಾಕಾರ. ನಮ್ಮ ಗೋಡೆ ಹಳದಿ-ಹಸಿರು ಬೆಳಕಲ್ಲಿ ಶೇ. 70, ನೀಲಿಯಲ್ಲಿ ಶೇ. 20 ಭಾಗ ವಾಪಸ್ ಕಳಿಸುತ್ತೆ ಅಂದುಕೊಳ್ಳೋಣ. ಅನುಪಾತ 3.5. ಆ ಬೆಳಕು ಎದುರು ಗೋಡೆಗೆ ಬಡಿದು ಬಂದರೆ ಉಳಿಯೋದು ಶೇ. 49 ಮತ್ತು ಶೇ. 4. ಅನುಪಾತ 12 ದಾಟಿತು. ಮೂರನೇ ಸಲಕ್ಕೆ ಸುಮಾರು 43! ಹೀಗೆ ಪ್ರತಿ ಬಡಿತಕ್ಕೂ ಬಣ್ಣ ಗಾಢವಾಗುತ್ತಾ ಹೋಗುತ್ತೆ. ಬಿಳಿ ಸೀಲಿಂಗೂ ಹಸಿರು, ಕನ್ನಡಿಯಲ್ಲಿ ನಮ್ಮ ಮುಖವೂ ಹಸಿರು. ಕಾರ್ಡಿನ ಚೌಕಕ್ಕೆ ಎದುರು ಗೋಡೆ ಇರಲಿಲ್ಲ, ಅಷ್ಟೇ.

ಅದಕ್ಕೇ ನಮ್ಮ ಸಲಹೆ: ಒಂದೇ ಗೋಡೆಗೆ ಹಾಕಿ, ಉಳಿದ ಮೂರು ಕೆನೆಬಿಳಿ ಇರಲಿ. ಮಂಚದ ತಲೆಭಾಗದ ಗೋಡೆ ಒಳ್ಳೇದು, ಮಲಗಿದಾಗ ಕಣ್ಣೆದುರು ಇರಲ್ಲ. ಓದೋ ಟೇಬಲ್ ಮುಂದೆ ಬೇಡ. ಅದನ್ನೇ ದಿಟ್ಟಿಸಿ ನೋಡಿ ಪುಸ್ತಕಕ್ಕೆ ಕಣ್ಣು ತಂದರೆ ಬಿಳಿ ಹಾಳೆ ಸ್ವಲ್ಪ ಹೊತ್ತು ನೇರಳೆ ಛಾಯೆಯಲ್ಲಿ ಕಾಣುತ್ತೆ. ಹಳೇ ಮನೆಯ ರೆಡ್ ಆಕ್ಸೈಡ್ ನೆಲ ಇದ್ದರೆ ಇನ್ನೂ ಹುಷಾರು. ಕೆಂಪು, ಹಸಿರು ಎರಡೂ ಒಂದನ್ನೊಂದು ಎತ್ತಿ ತೋರಿಸ್ತವೆ. ಕೆಲವರಿಗೆ ಅದೇ ಇಷ್ಟ, ನಮಗಂತೂ ತಲೆನೋವು.

ನಿಜವಾಗಿ ಎಚ್ಚರ ಬೇಕಾಗಿರೋದು ಗೋಡೆ ಉಜ್ಜುವಾಗ. ಹಿಂದೆ ಕಡು ಹಳದಿ, ಹಸಿರು ಪೇಂಟ್‌ಗಳಲ್ಲಿ ಲೆಡ್ ಕ್ರೋಮೇಟ್ ಬಳಸ್ತಿದ್ದರು. ಚೆನ್ನಾಗಿ ಮುಚ್ಚುತ್ತಿತ್ತು, ಆದರೆ ಅದರಲ್ಲಿರೋ ಸೀಸ ಮಕ್ಕಳ ಮಿದುಳಿಗೆ ವಿಷ. ನಮ್ಮ ದೇಶದಲ್ಲಿ 2017ರ ನವೆಂಬರ್‌ನಿಂದ ಮನೆ ಪೇಂಟ್‌ನಲ್ಲಿ ಸೀಸ 90 ಪಿಪಿಎಂ ಮೀರುವಂತಿಲ್ಲ. ಅದಕ್ಕೂ ಹಳೆಯ ಪದರ ನಿಮ್ಮ ಬಾಗಿಲು, ಕಿಟಕಿ, ಗೋಡೆಯ ಮೇಲಿದ್ದರೆ ಒಣಗಿದ್ದಂತೆ ಉಜ್ಜಿಸಬೇಡಿ. ನೀರು ಹಾಕಿ ವಾಟರ್ ಪೇಪರ್‌ನಲ್ಲಿ ಉಜ್ಜಿಸಿ, ಆ ಕೊಳೆಯನ್ನು ಒದ್ದೆ ಬಟ್ಟೆಯಲ್ಲೇ ತೆಗೆಸಿ. ಅಲ್ಲಿಯವರೆಗೂ ಮಕ್ಕಳು ಆ ಕೋಣೆಗೆ ಬರೋದು ಬೇಡ. ಉಜ್ಜುವವರಿಗೂ ಒಳ್ಳೆ ಮಾಸ್ಕ್ ಕೊಡಿ. ಈಗಿನ ಸೀಸವಿಲ್ಲದ ಹಳದಿ ಪಿಗ್ಮೆಂಟ್‌ಗಳು ಸಾಮಾನ್ಯವಾಗಿ ಅಷ್ಟು ಚೆನ್ನಾಗಿ ಮುಚ್ಚಲ್ಲ. ಆದ್ದರಿಂದ ಕೆಳಗೆ ಬಿಳಿ ಪ್ರೈಮರ್ ಬೇಕೇ ಬೇಕು, ಮೇಲೆ ಮೂರನೇ ಕೋಟೂ ಬೇಕಾಗಬಹುದು. ಖರ್ಚಿನ ಲೆಕ್ಕ ಹಾಕುವಾಗ ಇದನ್ನೂ ಸೇರಿಸಿಕೊಳ್ಳಿ.

ಡಬ್ಬ ತರೋ ಮುಂಚೆ ಒಂದು ಪ್ರಯೋಗ ಮಾಡಿ. ಮೊದಲ ವರ್ಷದ ಡ್ರಾಯಿಂಗ್ ಶೀಟ್ ಉಳಿದಿರುತ್ತಲ್ಲ, ಅದಕ್ಕೆ ಸ್ಯಾಂಪಲ್ ಪೇಂಟ್ ಎರಡು ಕೋಟ್ ಹಚ್ಚಿ, ಒಣಗಿದ ಮೇಲೆ ಬಣ್ಣ ಒಳಗೆ ಬರೋ ಹಾಗೆ 90 ಡಿಗ್ರಿಗೆ ಮಡಚಿ ಕಿಟಕಿ ಹತ್ತಿರ ನಿಲ್ಲಿಸಿ. ಮಡಿಕೆಯ ಬಳಿ ಕಾಣೋ ಗಾಢ ಬಣ್ಣವೇ ನಾಳೆ ನಿಮ್ಮ ಕೋಣೆಯ ಮೂಲೆಯ ಬಣ್ಣ. ರಾತ್ರಿಯೂ ನೋಡಿ. 2700 ಕೆಲ್ವಿನ್ ಬಲ್ಬ್ ಕೆಳಗೆ ಅದು ಹಳದಿ ಕಡೆಗೆ ವಾಲುತ್ತೆ, 6500ರ ಬಿಳಿ ಟ್ಯೂಬ್‌ಲೈಟ್ ಕೆಳಗೆ ಹಸಿರು ಕಡೆಗೆ.