ಏಳನೆಯ ತಿಂಗಳಿನ ಹಬ್ಬಗಳು: ಬೆನೆ ಇಸ್ರಾಯೇಲರ ಸಭಾಮಂದಿರದಲ್ಲಿ ಅವುಗಳ ಆಚರಣೆ

ಯಾಜಕಕಾಂಡದ ೨೩ನೆಯ ಅಧ್ಯಾಯವನ್ನು ಓದುವಾಗ ಅಲ್ಲಿ ಹೇಳಿರುವ ಹಬ್ಬಗಳು ಬಹುಕಾಲದ ಹಿಂದೆ ನಿಂತುಹೋದವುಗಳೆಂದು ನಮ್ಮಲ್ಲಿ ಅನೇಕರು ಎಣಿಸುವದುಂಟು. ಹಾಗಲ್ಲ. ಏಳನೆಯ ತಿಂಗಳಿನ ಮೊದಲನೆಯ ದಿನದ ಕೊಂಬೂದುವ ಹಬ್ಬ, ಹತ್ತನೆಯ ದಿನದ ಪ್ರಾಯಶ್ಚಿತ್ತದ ಉಪವಾಸ, ಹದಿನೈದನೆಯ ದಿನ ಆರಂಭವಾಗುವ ಪರ್ಣಶಾಲೆಗಳ ಹಬ್ಬ ಈ ಮೂರನ್ನೂ ಯೆಹೂದ್ಯರು ಇಂದಿಗೂ ಆಚರಿಸುತ್ತಾರೆ. ದೂರದೇಶಗಳಲ್ಲಿ ಮಾತ್ರವಲ್ಲ, ನಮ್ಮ ನೆರೆಯ ಕೊಂಕಣ ತೀರದಲ್ಲಿಯೂ ಮುಂಬಯಿಯಲ್ಲಿಯೂ ಬೆನೆ ಇಸ್ರಾಯೇಲ್ ಎಂಬ ಜನರು ಇವುಗಳನ್ನು ಕೈಕೊಂಡು ಬಂದಿದ್ದಾರೆ.

೧. ಈ ಜನರು ಯಾರು?

ಅಲೀಬಾಗಿನ ಹತ್ತಿರದ ನವಗಾಂವ್ ಎಂಬಲ್ಲಿ ಹಡಗು ಒಡೆದು ಏಳು ಮಂದಿ ಗಂಡಸರೂ ಏಳು ಮಂದಿ ಹೆಂಗಸರೂ ದಡ ಸೇರಿದರು, ನಾವು ಅವರ ಸಂತತಿಯವರು ಎಂಬದು ಇವರ ಪರಂಪರೆಯ ಮಾತು. ಇವರು ಹಳ್ಳಿಗಳಲ್ಲಿ ನೆಲೆಸಿ ಗಾಣದಿಂದ ಎಣ್ಣೆ ತೆಗೆದು ಜೀವಿಸಿದರು. ಮರಾಠಿಯೇ ಇವರ ಮನೆಮಾತಾಯಿತು. ಬಹುಕಾಲ ಇವರ ಕೈಯಲ್ಲಿ ಗ್ರಂಥವಿರಲಿಲ್ಲ. ಆದರೂ ಶನಿವಾರ ಗಾಣವನ್ನು ನಿಲ್ಲಿಸುತ್ತಿದ್ದದರಿಂದ ನೆರೆಯವರು ಇವರನ್ನು 'ಶನಿವಾರ ತೇಲಿ' ಎಂದು ಕರೆದರು. ಹಬ್ಬಗಳೂ ಇವರ ಮನೆಗಳಲ್ಲಿ ಮರಾಠಿ ಹೆಸರುಗಳಿಂದ ಉಳಿದವು. ವರುಷದ ಮೊದಲ ಹಬ್ಬಕ್ಕೆ 'ನವ್ಯಾಚಾ ಸಣ' ಎಂದೂ, ಪ್ರಾಯಶ್ಚಿತ್ತದ ದಿನಕ್ಕೆ 'ದಾರಫಾಳ್ನೀಚಾ ಸಣ', ಅಂದರೆ ಬಾಗಿಲು ಮುಚ್ಚುವ ಹಬ್ಬ, ಎಂದೂ ಹೆಸರಿತ್ತು.

ಇವರ ಮೊದಲನೆಯ ಸಭಾಮಂದಿರಕ್ಕೂ ನಮ್ಮ ಸೀಮೆಗೂ ಒಂದು ಸಂಬಂಧವುಂಟು. ಸಮುವೇಲ ಯೆಹೆಜ್ಕೇಲ ದಿವೇಕರ ಎಂಬವನು ಇಂಗ್ಲಿಷರ ಸೈನ್ಯದಲ್ಲಿದ್ದು, ಮೈಸೂರಿನ ಯುದ್ಧದಲ್ಲಿ ಟಿಪ್ಪುವಿನ ಕೈಗೆ ಸೆರೆಸಿಕ್ಕಿದನು. ಬಿಡುಗಡೆಯಾದರೆ ದೇವರಿಗೆ ಒಂದು ಮಂದಿರವನ್ನು ಕಟ್ಟಿಸುವೆನೆಂದು ಅವನು ಹರಕೆ ಮಾಡಿದನೆಂದು ಹೇಳುತ್ತಾರೆ. ೧೭೯೬ರಲ್ಲಿ ಮುಂಬಯಿಯಲ್ಲಿ ಅವನು ಕಟ್ಟಿಸಿದ ಮಂದಿರಕ್ಕೆ 'ಶಾರ್ ಹಾರಹಮೀಮ್', ಅಂದರೆ ಕರುಣೆಯ ಬಾಗಿಲು, ಎಂದು ಹೆಸರು. ತರುವಾಯ ಕೊಚ್ಚಿಯ ಯೆಹೂದ್ಯ ಬೋಧಕರು ಬಂದು ಇವರಿಗೆ ಪ್ರಾರ್ಥನಾಕ್ರಮವನ್ನು ಕಲಿಸಿದರು. ಜಾನ್ ವಿಲ್ಸನ್ ಮೊದಲಾದ ಮಿಶನೆರಿಗಳು ಇವರ ಮಕ್ಕಳಿಗೆ ಶಾಲೆಗಳನ್ನಿಟ್ಟು ಇಬ್ರಿಯ ಭಾಷೆಯನ್ನು ಕಲಿಸಿದರು. ಇವರಲ್ಲಿ ಕ್ರೈಸ್ತರಾದವರು ಬಹು ಸ್ವಲ್ಪ. ಹೆಚ್ಚಿನವರು ಆ ವಿದ್ಯೆಯಿಂದ ತಮ್ಮ ಪಿತೃಗಳ ಮಾರ್ಗವನ್ನೇ ಇನ್ನೂ ಚೆನ್ನಾಗಿ ಅರಿತುಕೊಂಡರು. ೧೯೪೮ರಲ್ಲಿ ಇಸ್ರಾಯೇಲ್ ರಾಜ್ಯವು ಸ್ಥಾಪಿತವಾದ ಮೇಲೆ ಬಹು ಮಂದಿ ಅಲ್ಲಿಗೆ ಹೋದರು. ಕೆಲವು ಸಾವಿರ ಜನರು ಇಲ್ಲಿ ಉಳಿದಿದ್ದಾರೆ.

೨. ಕೊಂಬಿನ ಧ್ವನಿ

ಯೆಹೂದ್ಯರ ತಿಂಗಳು ನಮ್ಮ ಪಂಚಾಂಗದಂತೆ ಚಂದ್ರನನ್ನು ಅನುಸರಿಸುತ್ತದೆ. ೧೯ ವರುಷಗಳಲ್ಲಿ ಏಳು ಸಾರಿ ಅಧಿಕಮಾಸವನ್ನು ಸೇರಿಸುತ್ತಾರೆ. ಆದಕಾರಣ ಈ ಏಳನೆಯ ತಿಂಗಳು ಭಾದ್ರಪದ ಆಶ್ವೀಜಗಳ ಸುಮಾರಿಗೆ ಬರುವದು. ದಿನವು ಸೂರ್ಯಾಸ್ತಮಾನದಿಂದ ಆರಂಭವಾಗುವದು. ಮೊದಲನೆಯ ಹಬ್ಬದಲ್ಲಿ ಸಭಾಮಂದಿರದಲ್ಲಿ ಟಗರಿನ ಕೊಂಬನ್ನು ಊದುತ್ತಾರೆ. ಅಬ್ರಹಾಮನು ಇಸಾಕನಿಗೆ ಬದಲಾಗಿ ಅರ್ಪಿಸಿದ ಟಗರನ್ನು ಅದು ನೆನಪಿಗೆ ತರುತ್ತದೆ. ಹಬ್ಬವು ಸಬ್ಬತ್ ದಿನದಲ್ಲಿ ಬಂದರೆ ಆ ದಿನ ಕೊಂಬನ್ನು ಊದುವದಿಲ್ಲ. ಮಲಗಿದವನನ್ನು ಎಬ್ಬಿಸುವಂತೆ ಈ ಧ್ವನಿಯು ಮನಸ್ಸಾಕ್ಷಿಯನ್ನು ಎಬ್ಬಿಸತಕ್ಕದ್ದೆಂದು ಅವರ ಬೋಧಕರು ಕಲಿಸಿದ್ದಾರೆ. ಅಂದಿನಿಂದ ಹತ್ತು ದಿನಗಳು ಪಶ್ಚಾತ್ತಾಪದ ದಿನಗಳು.

೩. ಬಾಗಿಲು ಮುಚ್ಚುವ ಹಬ್ಬ

ಹತ್ತನೆಯ ದಿನದ ಉಪವಾಸವು ಸಾಯಂಕಾಲದಿಂದ ಮರುದಿನ ರಾತ್ರಿಯ ವರೆಗೆ ಸುಮಾರು ೨೫ ತಾಸು ನಡೆಯುವದು. ಅನ್ನವಿಲ್ಲ, ನೀರೂ ಇಲ್ಲ. ತೊಗಲಿನ ಕೆರಗಳನ್ನು ಮೆಟ್ಟುವದಿಲ್ಲ. ಪೂರ್ವದಲ್ಲಿ ಕೊಂಕಣದ ಹಳ್ಳಿಗಳಲ್ಲಿ ಬೆನೆ ಇಸ್ರಾಯೇಲರು ಬಿಳೀ ವಸ್ತ್ರವನ್ನುಟ್ಟು, ಮನೆಯ ಬಾಗಿಲನ್ನು ಮುಚ್ಚಿಕೊಂಡು ದಿನವನ್ನು ಕಳೆಯುತ್ತಿದ್ದರು. ಸಭಾಮಂದಿರದಲ್ಲಿ ಐದು ಸಾರಿ ಪ್ರಾರ್ಥನೆ ನಡೆಯುವದು. ಮಧ್ಯಾಹ್ನದ ಮೇಲೆ ಯೋನನ ಪುಸ್ತಕವನ್ನು ಓದುತ್ತಾರೆ. ಕಡೆಯ ಪ್ರಾರ್ಥನೆಗೆ 'ನೆಯಿಲಾ', ಅಂದರೆ ಬಾಗಿಲು ಮುಚ್ಚುವಿಕೆ, ಎಂದು ಹೆಸರು. ಅದರ ಕೊನೆಗೆ ಕೊಂಬಿನ ಧ್ವನಿಯೊಡನೆ ಉಪವಾಸ ಮುಗಿಯುವದು. ಮರುದಿನ ಬಡವರಿಗೆ ದಾನಕೊಟ್ಟು ಬಂಧುಗಳ ಮನೆಗೆ ಹೋಗುವದು ಬೆನೆ ಇಸ್ರಾಯೇಲರ ವಾಡಿಕೆ.

ಇಲ್ಲಿ ಒಂದು ವಿಷಯವನ್ನು ಚೆನ್ನಾಗಿ ಲಕ್ಷಿಸಬೇಕು. ದೇವರಿಗೆ ವಿರೋಧವಾಗಿ ಮಾಡಿದ ಪಾಪಕ್ಕೆ ಈ ದಿನವು ಪರಿಹಾರವನ್ನುಂಟುಮಾಡುವದಾದರೂ, ನೆರೆಯವನಿಗೆ ಮಾಡಿದ ಅನ್ಯಾಯಕ್ಕೆ ಅವನನ್ನು ಸಮಾಧಾನಪಡಿಸುವ ತನಕ ಪರಿಹಾರವಿಲ್ಲವೆಂದು ಅವರ ಪ್ರಾಚೀನ ಗ್ರಂಥವಾದ ಮಿಷ್ನಾ ಕಲಿಸುತ್ತದೆ. ಆದಕಾರಣ ಉಪವಾಸಕ್ಕೆ ಮುಂಚೆ ಅವರು ಒಬ್ಬರೊಬ್ಬರ ಬಳಿಗೆ ಹೋಗಿ ಕ್ಷಮೆ ಬೇಡುತ್ತಾರೆ. ಮೊದಲು ಕ್ಷಮಿಸದಿದ್ದರೆ ಮೂರು ಸಾರಿಯಾದರೂ ಹೋಗತಕ್ಕದ್ದು. ಕಿತ್ತುಕೊಂಡದ್ದನ್ನು ಹಿಂದಕ್ಕೆ ಕೊಡದೆ ಬರಿದಾಗಿ ಕ್ಷಮೆ ಕೇಳಿದರೆ ಸಾಲದು.

೪. ಪರ್ಣಶಾಲೆ

ಹುಣ್ಣಿಮೆಯ ದಿನ ಪರ್ಣಶಾಲೆಗಳ ಹಬ್ಬ ಆರಂಭವಾಗುವದು. ಮನೆಯ ಅಥವಾ ಮಂದಿರದ ಅಂಗಳದಲ್ಲಿ ಚಪ್ಪರ ಹಾಕಿ, ನೆಲದಲ್ಲಿ ಬೆಳೆದು ಕಡಿದ ಸೊಪ್ಪುಗರಿಗಳನ್ನೇ ಮೇಲೆ ಹೊದಿಸುತ್ತಾರೆ. ಹಂಚೂ ತಗಡೂ ಸಲ್ಲವು. ಬಿಸಿಲಿಗಿಂತ ನೆರಳು ಹೆಚ್ಚಾಗಿರಬೇಕು. ಏಳು ದಿನ ಅದರ ಕೆಳಗೆ ಊಟಮಾಡಿ, ಅರಣ್ಯದಲ್ಲಿ ತಮ್ಮ ಪಿತೃಗಳಿಗೆ ಮನೆಯಿರಲಿಲ್ಲವೆಂಬದನ್ನು ನೆನಸುತ್ತಾರೆ. ಮಾದಲ ಹಣ್ಣನ್ನೂ ಖರ್ಜೂರದ ಸುಳಿಗರಿಯನ್ನೂ ಬೇರೆ ಎರಡು ತರದ ಕೊಂಬೆಗಳನ್ನೂ ಕೈಯಲ್ಲಿ ಹಿಡಿದು ಸ್ತೋತ್ರ ಮಾಡುತ್ತಾರೆ. ಕಡೆಯ ಹಬ್ಬದಲ್ಲಿ ಧರ್ಮಶಾಸ್ತ್ರದ ಸುರುಳಿಗಳನ್ನು ಎತ್ತಿಕೊಂಡು ಹಾಡುತ್ತಾ ಸುತ್ತು ಬರುತ್ತಾರೆ. ಧರ್ಮೋಪದೇಶಕಾಂಡದ ಕೊನೆಯ ಭಾಗವನ್ನು ಓದಿ ಮುಗಿಸಿದ ಕೂಡಲೇ ಆದಿಕಾಂಡದ ಮೊದಲ ಭಾಗವನ್ನು ಆರಂಭಿಸುತ್ತಾರೆ. ಓದು ನಿಲ್ಲುವದೇ ಇಲ್ಲ.

೫. ನಮಗಿರುವ ಪಾಠ

ನಾವು ಈ ದಿನಗಳನ್ನು ಆಚರಿಸುವ ಹಂಗಿನಲ್ಲಿಲ್ಲ. ಪ್ರಾಯಶ್ಚಿತ್ತದ ವಿಷಯದಲ್ಲಿ ನಮ್ಮ ನಂಬಿಕೆಯನ್ನು ಇಬ್ರಿಯರಿಗೆ ಬರೆದ ಪತ್ರಿಕೆಯ ೯ನೆಯ ಅಧ್ಯಾಯವು ತಿಳಿಸುತ್ತದೆ. ಆದರೂ ಕರ್ತನು ತಾನೇ ಪರ್ಣಶಾಲೆಗಳ ಹಬ್ಬಕ್ಕೆ ಯೆರೂಸಲೇಮಿಗೆ ಹೋದನೆಂದು ಯೋಹಾನನು ೭ನೆಯ ಅಧ್ಯಾಯದಲ್ಲಿ ಬರೆದಿದ್ದಾನೆ. ಅವನು ಆಚರಿಸಿದ ಹಬ್ಬವನ್ನು ಇಂದಿಗೂ ಆಚರಿಸುವ ಜನರನ್ನು ನಾವು ಹಗುರವಾಗಿ ಮಾತಾಡುವದು ಯುಕ್ತವಲ್ಲ.

ಮತ್ತು ಈ ಎರಡು ಸಂಗತಿಗಳನ್ನು ಯೋಚಿಸೋಣ. ಗ್ರಂಥವಿಲ್ಲದೆ, ಬೋಧಕನಿಲ್ಲದೆ, ನಾಲ್ಕಾರು ಮನೆಗಳಾಗಿ ಚದರಿದ್ದ ಗಾಣಿಗರು ತಮ್ಮ ದಿನವನ್ನು ಬಿಡಲಿಲ್ಲ. ತಾಯಿ ಮಕ್ಕಳಿಗೆ ಕಲಿಸಿದಳು, ಅದು ನಿಂತಿತು. ನಮಗಾದರೋ ಪುಸ್ತಕವುಂಟು. ಪಾದ್ರಿಯವರು ತಿಂಗಳಿಗೊಮ್ಮೆ ಮಾತ್ರ ಬರುತ್ತಾರೆಂದು ಹೇಳಿ, ಸಂತೆಯ ದಿನ ಭಾನುವಾರ ಬಿದ್ದರೆ ಆರಾಧನೆಯನ್ನು ಬಿಡುವವರು ಏನು ಉತ್ತರ ಕೊಟ್ಟಾರು? ಎರಡನೆಯದು, ನೆರೆಯವನ ಬದುವನ್ನು ಒತ್ತಿದವನೂ, ಸೇರನ್ನು ಕಡಿಮೆ ಅಳೆದವನೂ, ಸಾಲ ತಂದ ಭತ್ತವನ್ನು ಹಿಂದಿರುಗಿಸದವನೂ ಕರ್ತನ ಭೋಜನಕ್ಕೆ ಬರುವ ಮುಂಚೆ ಎಲ್ಲಿಗೆ ಹೋಗಬೇಕು? ಮತ್ತಾಯನ ಸುವಾರ್ತೆಯ ೫ನೆಯ ಅಧ್ಯಾಯದ ೨೩, ೨೪ನೆಯ ವಚನಗಳನ್ನು ತೆರೆದು ನೋಡಿರಿ. ಮುಂದಿನ ಭೋಜನದ ದಿನಕ್ಕೆ ಇನ್ನೂ ಸಮಯವಿದೆ. ಆ ಮನೆಯ ದಾರಿಯೂ ನಮಗೆ ಗೊತ್ತಿದೆ.

ಸಭೆಯಲ್ಲಿ ಕೇಳತಕ್ಕ ಪ್ರಶ್ನೆಗಳು

(೧) ಏಳನೆಯ ತಿಂಗಳಿನ ಮೂರು ಹಬ್ಬಗಳು ಯಾವವು? (೨) ನೆರೆಯವರು ಬೆನೆ ಇಸ್ರಾಯೇಲರನ್ನು 'ಶನಿವಾರ ತೇಲಿ' ಎಂದು ಕರೆಯಲು ಕಾರಣವೇನು? ನಮ್ಮ ನಡತೆಯನ್ನು ನೋಡಿ ನಮ್ಮ ಊರಿನವರು ನಮ್ಮನ್ನು ಯಾವ ಹೆಸರಿನಿಂದ ಕರೆದಾರು? (೩) ಅಪೊಸ್ತಲರ ಕೃತ್ಯಗಳ ೨೭ನೆಯ ಅಧ್ಯಾಯದ ೯ನೆಯ ವಚನದಲ್ಲಿ ಹೇಳಿದ ಉಪವಾಸವು ಈ ಮೂರರಲ್ಲಿ ಯಾವದು?