ನಿಂಬೆ ಕೇಕಿನ ಕಾದಂಬರಿಯಿಂದ ಕಲಿತ ಆರು ಪಾಠಗಳು

ಕಥಾ ಕಮ್ಮಟಗಳಲ್ಲಿ ಹೊಸ ಬರಹಗಾರರ ಜೊತೆ ಕೂತು ಓದಿಸುವುದು, ಬರೆಸುವುದು ನನ್ನ ಕೆಲಸ. ಒಂಟಿತನದ ಬಗ್ಗೆ ಬರೆಯಬೇಕು, ಆದರೆ ಅದು ಬರೀ ಗೋಳಾಗಬಾರದು ಎನ್ನುವವರ ಕೈಗೆ ನಾನು ಮೊದಲು ಕೊಡುವ ಪುಸ್ತಕ ಒಂದಿದೆ. ಅಮೆರಿಕದ ಲೇಖಕಿ ಏಮಿ ಬೆಂಡರ್ ಅವರ ‘ದ ಪರ್ಟಿಕ್ಯುಲರ್ ಸ್ಯಾಡ್‌ನೆಸ್ ಆಫ್ ಲೆಮನ್ ಕೇಕ್’. 2010ರಲ್ಲಿ ಬಂದ ಕಾದಂಬರಿ. ಲಾಸ್ ಏಂಜಲೀಸಿನ ಹುಡುಗಿ ರೋಸ್‌ಗೆ ಇನ್ನೇನು ಒಂಬತ್ತು ತುಂಬಬೇಕು. ಅಮ್ಮ ಮಾಡಿದ ನಿಂಬೆ ಕೇಕನ್ನು ಬಾಯಿಗಿಡುತ್ತಾಳೆ. ನಗುನಗುತ್ತಾ ಓಡಾಡುವ ಅಮ್ಮನ ಒಳಗಿರುವ ಖಾಲಿತನ ನಾಲಿಗೆಗೆ ತಾಗುತ್ತದೆ. ಅಲ್ಲಿಂದ ಮುಂದೆ ಯಾರ ಅಡುಗೆ ಉಂಡರೂ ಅವರ ಮನಸ್ಸು ಅವಳಿಗೆ ರುಚಿಯಾಗಿ ಸಿಗುತ್ತದೆ. ಈ ಕಾದಂಬರಿಯನ್ನು ಓದಿಸುತ್ತಾ ನನಗೆ ದಕ್ಕಿದ ಪಾಠಗಳಿವು.

1. ಮಾಯೆಗೂ ಕಟ್ಟುಪಾಡು ಇರಲಿ.
ರೋಸ್ ಭವಿಷ್ಯ ಹೇಳುವುದಿಲ್ಲ, ಮುಖ ನೋಡಿ ಮನಸ್ಸು ಓದುವುದಿಲ್ಲ. ತಿಂದರೆ ಮಾತ್ರ ಅವಳಿಗೆ ಗೊತ್ತಾಗುತ್ತದೆ. ಅಣ್ಣನ ಗೆಳೆಯ ಜಾರ್ಜ್ ಅವಳನ್ನು ಬೇಕರಿಗೆ ಕರೆದೊಯ್ದು, ಕುಕ್ಕಿ ತಿನ್ನಿಸಿ, ವಿಜ್ಞಾನದ ಪ್ರಯೋಗದ ಹಾಗೆ ಪರೀಕ್ಷೆ ಮಾಡುತ್ತಾನೆ. ಆಗಬಹುದಾದದ್ದು ಯಾವುದು, ಆಗಲಾರದ್ದು ಯಾವುದು ಎಂಬುದು ಅಷ್ಟರಲ್ಲಿ ಓದುಗನಿಗೆ ತಿಳಿದಿರುತ್ತದೆ. ಆಮೇಲೆ ಅವನು ನಂಬುತ್ತಾನೆ.

2. ವರ ಬಂದ ಕೂಡಲೇ ಅದರ ಕಷ್ಟವೂ ಬರಲಿ.
ಊಟ ಬಿಟ್ಟು ಬದುಕಲಾಗದು. ಹಾಗಾಗಿ ರೋಸ್ ತನ್ನ ವರದಿಂದ ತಪ್ಪಿಸಿಕೊಳ್ಳುವಂತಿಲ್ಲ. ಮನುಷ್ಯರ ಕೈ ಆದಷ್ಟು ಕಡಿಮೆ ತಾಗಿದ ತಿಂಡಿಗಾಗಿ ಅವಳು ಶಾಲೆಯ ವೆಂಡಿಂಗ್ ಮಶೀನಿನ ಮೊರೆಹೋಗುತ್ತಾಳೆ. ಕಾರ್ಖಾನೆಯ ಪೊಟ್ಟಣ ಅವಳಿಗೆ ನೆಮ್ಮದಿ. ಮಗುವೊಂದು ಮನೆಯ ಊಟಕ್ಕೆ ಹೆದರಿ ಮಶೀನಿಗೆ ಚಿಲ್ಲರೆ ಹಾಕುವುದನ್ನು ತೋರಿಸಿದ ಮೇಲೆ ‘ಅವಳಿಗೆ ತುಂಬಾ ಒಂಟಿತನ ಕಾಡುತ್ತಿತ್ತು’ ಎಂಬ ವಾಕ್ಯದ ಅಗತ್ಯವೇ ಇಲ್ಲ.

3. ತುಂಬಿದ ಮನೆಯಲ್ಲೇ ಒಂಟಿತನ ಹುಡುಕಿ.
ಹನ್ನೆರಡರ ವಯಸ್ಸಿಗೆ ರೋಸ್‌ಗೆ ಅಮ್ಮನ ಇನ್ನೊಂದು ಸಂಬಂಧ ರಾತ್ರಿಯೂಟದಲ್ಲೇ ತಿಳಿದುಬಿಡುತ್ತದೆ. ಅಪ್ಪ, ಅಣ್ಣ, ಅಮ್ಮ ಎಲ್ಲರೂ ಒಂದೇ ಮೇಜಿಗೆ ಕೂತಿದ್ದಾರೆ. ಇವಳು ಹೇಳುವಂತಿಲ್ಲ, ಉಗುಳುವಂತಿಲ್ಲ. ಕೈಗುಣವನ್ನು ನಂಬುವ ನಮ್ಮ ಮನೆಗಳ ಓದುಗರಿಗೆ ಈ ಸಂಕಟ ಬೇಗ ಅರ್ಥವಾಗುವುದನ್ನು ಕಮ್ಮಟಗಳಲ್ಲಿ ಕಂಡಿದ್ದೇನೆ.

4. ಒಂದೇ ವರ ಪಡೆದವರು ಬೇರೆಬೇರೆ ದಾರಿ ಹಿಡಿಯಲಿ.
ಕಾದಂಬರಿಯ ಜೀವ ಇರುವುದು ಇಲ್ಲಿ. ರೋಸ್‌ಳ ಅಜ್ಜನಿಗೆ ಜನರ ಒಳಗೇನಿದೆ ಎಂಬುದು ವಾಸನೆಯಿಂದ ತಿಳಿಯುತ್ತಿತ್ತು. ಅದನ್ನು ತಾಳಲಾರದೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಓಡಾಡುತ್ತಿದ್ದ. ಆಸ್ಪತ್ರೆಗೆ ಕಾಲಿಟ್ಟರೆ ತನಗೂ ಅಂಥದ್ದೇನೋ ಇರುವುದು ಬಯಲಾದೀತೆಂಬ ಅಂಜಿಕೆ ಅಪ್ಪನಿಗೆ. ಮಕ್ಕಳು ಹುಟ್ಟಿದಾಗಲೂ ಅವನು ಆಸ್ಪತ್ರೆಯ ಹೊರಗೇ ನಿಂತವನು. ಅಣ್ಣ ಜೋಸೆಫ್ ಮನುಷ್ಯರಿಂದ ದೂರ ಸರಿಯುತ್ತಾ ಸರಿಯುತ್ತಾ ಕೊನೆಗೆ ಕುರ್ಚಿಯೊಂದರಲ್ಲಿ ಸೇರಿಹೋಗುತ್ತಾನೆ. ತನ್ನೊಳಗಿನದನ್ನು ತಿಳಿಯಲೊಲ್ಲದ ಅಪ್ಪ, ಅದರಲ್ಲೇ ಕರಗಿಹೋದ ಅಣ್ಣ, ಇವರಿಬ್ಬರ ನಡುವೆ ರೋಸ್ ತನ್ನ ದಾರಿ ಹುಡುಕಬೇಕು. ನಾಯಕಿಯೊಬ್ಬಳನ್ನೇ ವಿಶೇಷವಾಗಿಸಿ ಬರೆದರೆ ಅವಳ ನಿರ್ಧಾರಕ್ಕೆ ತೂಕ ಬರುವುದಿಲ್ಲ. ಅವಳು ಹಿಡಿಯಬಹುದಾಗಿದ್ದ ಬೇರೆ ದಾರಿಗಳಲ್ಲಿ ಅವಳ ರಕ್ತಸಂಬಂಧಿಗಳೇ ನಡೆದುಹೋಗಿರಬೇಕು.

5. ಕಾರಣ ಹೇಳಲು ಹೋಗಬೇಡಿ.
ಈ ವರ ಯಾಕೆ ಬಂತು ಎಂದು ಬೆಂಡರ್ ಎಲ್ಲೂ ವಿವರಿಸುವುದಿಲ್ಲ. ಸಂಭಾಷಣೆಗೆ ಉದ್ಧರಣ ಚಿಹ್ನೆಯನ್ನೂ ಬಳಸಿಲ್ಲ. ಆಡಿದ ಮಾತು, ಅಂದುಕೊಂಡದ್ದು, ನಾಲಿಗೆಗೆ ತಿಳಿದದ್ದು ಎಲ್ಲವೂ ಒಂದೇ ಹರಿವಿನಲ್ಲಿ ಬರುತ್ತವೆ. ದೇವನೂರ ಮಹಾದೇವರ ‘ಕುಸುಮಬಾಲೆ’ಯಲ್ಲಿ ದೀಪದ ಜೋತಮ್ಮಗಳು ರಾತ್ರಿ ಕೂಡಿ ಮಾತಾಡುವುದನ್ನು ಓದಿದವರು ಅದು ಹೇಗೆ ಸಾಧ್ಯ ಎಂದು ಕೇಳುವುದಿಲ್ಲ. ಹೇಳುವವರ ದನಿ ಅಲುಗದಿದ್ದರೆ ಕೇಳುವವರಿಗೂ ಅನುಮಾನ ಹುಟ್ಟದು.

6. ಒಪ್ಪಿಕೊಳ್ಳುವುದನ್ನು ಕೆಲಸದಲ್ಲಿ ತೋರಿಸಿ.
ಹೊಸಬರ ಹಸ್ತಪ್ರತಿಗಳಲ್ಲಿ ನಾನು ಹೆಚ್ಚಾಗಿ ಕಾಣುವುದು ಎರಡು ಬಗೆಯ ಕೊನೆಗಳು: ವರ ಮಾಯವಾಗುತ್ತದೆ, ಇಲ್ಲವೇ ಪಾತ್ರ ಕನ್ನಡಿಯ ಮುಂದೆ ನಿಂತು ‘ನಾನು ನಾನೇ’ ಎಂದುಕೊಳ್ಳುತ್ತದೆ. ರೋಸ್ ಎರಡನ್ನೂ ಮಾಡುವುದಿಲ್ಲ. ಯಾವುದರಿಂದ ಓಡುತ್ತಿದ್ದಳೋ ಅದರ ಬಳಿಗೇ, ಒಂದು ಫ್ರೆಂಚ್ ಹೋಟೆಲಿನ ಅಡುಗೆಮನೆಗೆ, ಪಾತ್ರೆ ತೊಳೆಯುವ ಕೆಲಸಕ್ಕೆ ಹೋಗುತ್ತಾಳೆ. ಆ ನಾಲಿಗೆ ಅವಳಿಗೆ ಭಾರವಾಗಿಯೇ ಇದೆ, ಆದರೆ ಈಗ ಅದರಿಂದ ಉಪಯೋಗವೂ ಇದೆ. ಅಣ್ಣ ಮರಳಿ ಬರುವುದಿಲ್ಲ, ಅಮ್ಮನೂ ಬದಲಾಗುವುದಿಲ್ಲ. ಒಂಟಿತನ ಪೂರ್ತಿ ನೀಗುವುದೂ ಇಲ್ಲ.

ಹಾಗಾಗಿ ನನ್ನ ಮಾತಿಷ್ಟೇ. ನಿಮ್ಮ ಪಾತ್ರಕ್ಕೆ ಕೊಟ್ಟ ವಿಚಿತ್ರವನ್ನು ಕೊನೆಯ ಅಧ್ಯಾಯದಲ್ಲಿ ಕಿತ್ತುಕೊಳ್ಳಬೇಡಿ. ಅದನ್ನು ಇಟ್ಟುಕೊಂಡೇ ಅವಳು ಯಾರ ಜೊತೆ ಕೂತು ಉಣ್ಣಬಲ್ಲಳು, ಬೆಳಗಾದರೆ ಯಾವ ಕೆಲಸಕ್ಕೆ ಹೋಗಬಲ್ಲಳು ಎಂದು ಯೋಚಿಸಿ ಬರೆಯಿರಿ. ತನ್ನಲ್ಲೂ ಇಂಥದ್ದೇನೋ ಇದೆ ಎಂದು ಒಳಗೊಳಗೇ ಅಂಜುವ ಓದುಗನಿಗೆ ಬೇಕಾಗಿರುವುದು ಆ ಉತ್ತರವೇ.